ನೆರೆಯವನ ನಿದ್ರೆ ಕಸಿಯುವ ನಮ್ಮ ಮಕ್ಕಳ ಬೈಕುಗಳು

ಕರಾವಳಿಯ ಪಟ್ಟಣವೊಂದರ ಮಸೀದಿಯ ಕಚೇರಿ. ಅಸರ್ ನಮಾಝ್ ಮುಗಿಸಿ ಜಮಾಅತ್ ಕಮಿಟಿಯ ನಾಲ್ಕೈದು ಮಂದಿ ಲೆಕ್ಕಪುಸ್ತಕ ಬಿಡಿಸಿ ಕುಳಿತಿದ್ದರು. ಬೇರೊಂದು ಕೆಲಸದ ನಿಮಿತ್ತ ನಾವೂ ಅಲ್ಲಿದ್ದೆವು. ಹಿರಿಯರೊಬ್ಬರು ಬಾಗಿಲ ಬಳಿ ಚಪ್ಪಲಿ ಕಳಚಿ ನಿಂತರು. ಅಂಚೆ ಇಲಾಖೆಯಿಂದ ನಿವೃತ್ತರಾದವರು. ಮುಸ್ಲಿಮರೇ ಹೆಚ್ಚಿರುವ ಆ ಓಣಿಯಲ್ಲಿ ಉಳಿದಿದ್ದ ಎರಡು ಮೂರು ಹಿಂದೂ ಮನೆಗಳಲ್ಲಿ ಒಂದು ಅವರದು. ಎಲ್ಲರೂ ಎದ್ದು ಕುರ್ಚಿ ಕೊಟ್ಟರು.

ಅವರು ಹೇಳಿದ್ದು ಇಷ್ಟೇ: "ನಲ್ವತ್ತು ವರ್ಷದಿಂದ ನಿಮ್ಮ ನಡುವೆ ಇದ್ದೇನೆ. ಬೆಳಗಿನ ಬಾಂಗು ಕೇಳಿಯೇ ನಾನು ಏಳುವುದು, ಅದರ ಬಗ್ಗೆ ಎಂದೂ ಒಂದು ಮಾತು ಆಡಿದವನಲ್ಲ. ಆದರೆ ಪಕ್ಕದ ಮನೆಯ ಹುಡುಗನ ಬೈಕು ರಾತ್ರಿ ಹನ್ನೆರಡಕ್ಕೆ ಬರುವಾಗ ನನ್ನ ಹೆಂಡತಿ ಹಾಸಿಗೆಯಿಂದ ಬೆಚ್ಚಿ ಏಳುತ್ತಾಳೆ. ಅವಳಿಗೆ ಹೃದಯದ ಆಪರೇಷನ್ ಆಗಿದೆ. ಮತ್ತೆ ಬೆಳಗಿನವರೆಗೆ ನಿದ್ದೆ ಇಲ್ಲ. ಪೊಲೀಸರಲ್ಲಿಗೆ ಹೋಗಲು ನನಗೆ ಮನಸ್ಸಿಲ್ಲ, ಎಳೆಯ ಹುಡುಗ. ರಾತ್ರಿ ಹೊತ್ತು ಓಣಿಯ ತುದಿಯಲ್ಲಿ ಎಂಜಿನ್ ಆಫ್ ಮಾಡಿ ತಳ್ಳಿಕೊಂಡು ಬರಲು ನೀವು ಹೇಳಿದರೆ ಸಾಕು."

"ಹುಡುಗರಲ್ವಾ ಸಾರ್, ಪ್ರಾಯ ಅಂಥದ್ದು. ಹೇಳುವ" ಎಂದರು ಕಮಿಟಿಯ ಒಬ್ಬರು. ಹಿರಿಯರು ಕೈಮುಗಿದು ಹೊರಟರು. ಅವರು ಗೇಟು ದಾಟುವ ಮುನ್ನವೇ ಇನ್ನೊಬ್ಬರು, "ಅವರ ಕಡೆಯವರ ಡಿಜೆ ನಡುರಾತ್ರಿವರೆಗೆ ಕೇಳುತ್ತದಲ್ಲ, ಅದಕ್ಕೆ ನಾವು ಯಾರಲ್ಲಿ ಹೇಳುವುದು?" ಎಂದರು. ಉಳಿದವರು ನಕ್ಕರು. ಲೆಕ್ಕಪುಸ್ತಕ ಮತ್ತೆ ತೆರೆಯಿತು.

ಈ ಬರಹ ಆ ನಗುವನ್ನು ಕುರಿತದ್ದು. ಬೈಕಿನ ಹುಡುಗನ ಬಗ್ಗೆ ಪೊಲೀಸರು, ಪತ್ರಿಕೆಗಳು, ಓಣಿಯ ಹಿರಿಯರು ಎಲ್ಲರೂ ಮಾತನಾಡುತ್ತಾರೆ. ಆ ಹುಡುಗನನ್ನು ಬೆಳೆಸಿದ ನಾವು ಮಾತ್ರ ಅದನ್ನು ಪ್ರಾಯದ ಆಟವೆಂದು ತಳ್ಳಿಬಿಡುತ್ತೇವೆ. ಸೈಲೆನ್ಸರ್ ಕಿತ್ತ ಬೈಕಿನ ಶಬ್ದ ಪ್ರಾಯದ ವಿಷಯವಲ್ಲ, ಕೇವಲ ಸಂಚಾರ ನಿಯಮದ ವಿಷಯವೂ ಅಲ್ಲ. ಅದು ನೆರೆಯವನ ಹಕ್ಕಿನ ವಿಷಯ. ನಾವು ಮದ್ರಸದಲ್ಲಿ ಹುಕೂಕುಲ್ ಇಬಾದ್ ಎಂದು ಕಂಠಪಾಠ ಮಾಡಿದ ಆ ಮಾನವ ಹಕ್ಕುಗಳ ಪಟ್ಟಿಯಲ್ಲಿ ನೆರೆಯವನ ನಿದ್ರೆಯೂ ಇದೆ.

ಗ್ಯಾರೇಜಿನಲ್ಲಿ ನಡೆಯುವುದೇನು?

ಮೊದಲು ವಿಷಯವನ್ನು ಸರಿಯಾಗಿ ತಿಳಿದುಕೊಳ್ಳೋಣ. ಎಂಜಿನ್ನಿನೊಳಗೆ ಪೆಟ್ರೋಲು ಉರಿದಾಗ ಹುಟ್ಟುವ ಬಿಸಿ ಅನಿಲವು ಭಾರೀ ಒತ್ತಡದಿಂದ ಹೊರನುಗ್ಗುತ್ತದೆ. ನಿಮಿಷಕ್ಕೆ 6,000 ಸುತ್ತು ತಿರುಗುವ, ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಇಂತಹ ಸ್ಫೋಟ ಸೆಕೆಂಡಿಗೆ 50 ಬಾರಿ ಆಗುತ್ತದೆ. ಸೈಲೆನ್ಸರಿನ ಒಳಗಿರುವ ಕೋಣೆಗಳು, ತೂತುಗಳಿರುವ ಕೊಳವೆಗಳು, ಕೆಲವು ಮಾದರಿಗಳಲ್ಲಿ ಗಾಜಿನ ಉಣ್ಣೆ, ಇವೆಲ್ಲವೂ ಆ ಅನಿಲದ ವೇಗವನ್ನು ಮುರಿದು, ಶಬ್ದವನ್ನು ಹೀರಿ, ಸೌಮ್ಯವಾಗಿ ಹೊರಬಿಡುತ್ತವೆ. ಗ್ಯಾರೇಜಿನಲ್ಲಿ ಮಾಡುವುದು ಬಹಳ ಸರಳ. ಒಳಗಿನ ಈ ಭಾಗಗಳನ್ನು ಕತ್ತರಿಸಿ ತೆಗೆಯುತ್ತಾರೆ. ಇಲ್ಲವೇ ಕಂಪನಿಯ ಸೈಲೆನ್ಸರನ್ನೇ ಬಿಚ್ಚಿ, ಖಾಲಿ ಕೊಳವೆಯೆಂದೇ ಹೇಳಬಹುದಾದ ಬೇರೊಂದನ್ನು ಜೋಡಿಸುತ್ತಾರೆ. ಬುಲೆಟ್ ಸವಾರರ ನಡುವೆ ಇಂಥವು ಪಂಜಾಬ್, ಇಂದೋರಿ ಮುಂತಾದ ಹೆಸರುಗಳಲ್ಲಿ ಚಲಾವಣೆಯಲ್ಲಿವೆ. ಇನ್ನು ಕೆಲವರು ಓಡುವ ಬೈಕಿನ ಕೀಲಿಯನ್ನು ತಿರುಗಿಸಿ ಮರಳಿ ಹಾಕಿ ಪಟಾಕಿಯಂತೆ ಸಿಡಿಸುವ ವಿದ್ಯೆಯನ್ನೂ ಕಲಿತಿದ್ದಾರೆ. ಉರಿಯದ ಪೆಟ್ರೋಲು ಬಿಸಿಯಾದ ಕೊಳವೆಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುವುದೇ ಆ ಸಿಡಿತದ ರಹಸ್ಯ. ತೊಟ್ಟಿಲಲ್ಲಿರುವ ಕೂಸಿಗೆ ಅದು ಪಟಾಕಿಯೂ ಅಲ್ಲ, ಆಟವೂ ಅಲ್ಲ. ಅದು ಬೆಚ್ಚಿ ಅಳುತ್ತದೆ, ಅದನ್ನು ಮತ್ತೆ ಮಲಗಿಸುವ ತಾಯಿಗೆ ಆ ರಾತ್ರಿ ಮುಗಿಯಿತು.

ಪಿಕಪ್ ಹೆಚ್ಚುತ್ತದೆ ಎಂಬುದು ಹುಡುಗರು ಮನೆಯಲ್ಲಿ ಹೇಳುವ ಕಾರಣ. ಎಂಜಿನ್, ಇಂಧನದ ಪ್ರಮಾಣ ಮತ್ತು ಸೈಲೆನ್ಸರ್ ಈ ಮೂರನ್ನೂ ಒಂದಕ್ಕೊಂದು ಹೊಂದುವಂತೆ ಕಂಪನಿಯವರು ರೂಪಿಸಿರುತ್ತಾರೆ. ಅದರಲ್ಲಿ ಒಂದನ್ನು ಮಾತ್ರ ಕಿತ್ತರೆ ಹೆಚ್ಚುವುದು ಶಬ್ದ. ಇಂದಿನ ಬೈಕುಗಳ ಹೊಗೆಕೊಳವೆಯಲ್ಲಿ ವಿಷಾನಿಲವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಇರುತ್ತದೆ. ಅದೂ ಕೊಳವೆಯೊಡನೆ ಗುಜರಿಗೆ ಹೋದರೆ ನೆರೆಯವನ ಕಿವಿಗೆ ಶಬ್ದ, ಮೂಗಿಗೆ ವಿಷ, ಎರಡನ್ನೂ ಒಟ್ಟಿಗೇ ಕೊಟ್ಟಂತಾಯಿತು.

ಅಂಕೆಗಳನ್ನೂ ನೋಡೋಣ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮೀರಬಾರದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನ ನಿಶ್ಶಬ್ದ ವಲಯದಲ್ಲಿ ರಾತ್ರಿಯ ಮಿತಿ 40. ಕಾರ್ಖಾನೆಯಿಂದ ಹೊರಬರುವಾಗ 80 ಸಿಸಿಯಿಂದ 175 ಸಿಸಿವರೆಗಿನ ಬೈಕಿಗೆ 2005ರಿಂದ ನಿಗದಿಯಾದ ಮಿತಿ 77 ಡೆಸಿಬಲ್, ಅದಕ್ಕಿಂತ ದೊಡ್ಡದಕ್ಕೆ 80. ಡೆಸಿಬಲ್ಲಿನ ಲೆಕ್ಕ ನಮ್ಮ ಅಂಗಡಿಯ ಲೆಕ್ಕದಂತಲ್ಲ. ಹತ್ತು ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಅದು ಸುಮಾರು ಇಮ್ಮಡಿಯಾಗಿ ಕೇಳುತ್ತದೆ. ಇಪ್ಪತ್ತು ಏರಿದರೆ ಶಕ್ತಿ ನೂರು ಪಟ್ಟು. ಕಂಪನಿಯ ಸೈಲೆನ್ಸರ್ ಇರುವ ಬೈಕೇ ಮಧ್ಯರಾತ್ರಿಯ ಓಣಿಗೆ ದೊಡ್ಡ ಶಬ್ದ. ಅದನ್ನೂ ಕಿತ್ತೆಸೆದವನು ಏನು ಮಾಡುತ್ತಿದ್ದಾನೆಂದು ಅವನ ತಂದೆ ಯೋಚಿಸಬೇಕು.

ಕಾನೂನು ಈ ಬಗ್ಗೆ ಮೌನವಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಪ್ರತಿ ವಾಹನಕ್ಕೂ ಶಬ್ದ ತಗ್ಗಿಸುವ ಸೈಲೆನ್ಸರ್ ಇರಲೇಬೇಕೆಂದು ವಿಧಿಸುತ್ತದೆ. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ, 2019ರ ತಿದ್ದುಪಡಿಯ ನಂತರ, ಶಬ್ದ ನಿಯಂತ್ರಣದ ಮಾನದಂಡವನ್ನು ಮೀರಿದ ವಾಹನವನ್ನು ಓಡಿಸಿದರೆ ಮೊದಲ ಬಾರಿಗೇ ಮೂರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಜೊತೆಗೆ ಮೂರು ತಿಂಗಳು ಲೈಸನ್ಸಿಗೆ ಅನರ್ಹತೆ. ಹದಿನೆಂಟು ತುಂಬದ ಮಗನ ಕೈಗೆ ಬೈಕು ಕೊಟ್ಟು ಅವನು ಅಪರಾಧ ಎಸಗಿದರೆ 199ಎ ಸೆಕ್ಷನ್ ಹಿಡಿಯುವುದು ತಂದೆಯನ್ನು ಅಥವಾ ವಾಹನದ ಮಾಲಕನನ್ನು: ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ಒಂದು ವರ್ಷ ವಾಹನದ ನೋಂದಣಿ ರದ್ದು. ರಾಜ್ಯದ ಹಲವು ಪಟ್ಟಣಗಳಲ್ಲಿ ಪೊಲೀಸರು ಇಂತಹ ಸೈಲೆನ್ಸರ್‌ಗಳನ್ನು ವಶಪಡಿಸಿಕೊಂಡು ರಸ್ತೆಯಲ್ಲಿ ಸಾಲಾಗಿ ಇಟ್ಟು ರೋಡ್ ರೋಲರ್ ಹರಿಸಿದ ಚಿತ್ರಗಳನ್ನು ನಾವೆಲ್ಲರೂ ನೋಡಿದ್ದೇವೆ.

ಆದರೆ ರೋಡ್ ರೋಲರಿನ ಭಯದಿಂದ ಸುಮ್ಮನಾಗುವ ಸಮುದಾಯವಾಗಬೇಕೆಂದು ನಾವು ಬಯಸುವುದಿಲ್ಲ. ಪೊಲೀಸರಿಲ್ಲದ ಓಣಿಯಲ್ಲಿಯೂ ಅಲ್ಲಾಹನಿದ್ದಾನೆ.

ಸತ್ಯವಿಶ್ವಾಸದ ಅಳತೆಗೋಲು

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 36ನೇ ಸೂಕ್ತವು ಅಲ್ಲಾಹನ ಆರಾಧನೆ, ಹೆತ್ತವರ ಸೇವೆ, ಬಂಧುಗಳು, ಅನಾಥರು ಮತ್ತು ಬಡವರ ಜೊತೆಯಲ್ಲಿಯೇ ನೆರೆಯವನನ್ನು ಹೆಸರಿಸುತ್ತದೆ. ಬಂಧುವಾದ ನೆರೆಯವನನ್ನೂ ಅಪರಿಚಿತನಾದ ನೆರೆಯವನನ್ನೂ ಅದು ಪ್ರತ್ಯೇಕವಾಗಿ ಹೇಳುತ್ತದೆ. ನಮ್ಮವನಲ್ಲದ ನೆರೆಯವನು ಈ ಪಟ್ಟಿಯಿಂದ ಹೊರಗೆ ಎಂದು ಯಾರೂ ವಾದಿಸಲಾಗದು. ಸಹಾಬಿ ಅಬ್ದುಲ್ಲಾ ಬಿನ್ ಅಮ್ರ್(ರ) ಅವರ ಮನೆಯಲ್ಲಿ ಆಡು ಕೊಯ್ದಾಗ ಅವರು ಮೊದಲು ವಿಚಾರಿಸಿದ್ದು ನಮ್ಮ ಯಹೂದಿ ನೆರೆಯವನಿಗೆ ಪಾಲು ಕಳುಹಿಸಿದಿರಾ ಎಂದು. ನೆರೆಯವನ ಬಗ್ಗೆ ಜಿಬ್ರೀಲ್(ಅ) ಎಷ್ಟು ಒತ್ತಿ ಹೇಳುತ್ತಿದ್ದರೆಂದರೆ, ಅವನನ್ನು ಆಸ್ತಿಗೂ ವಾರೀಸುದಾರನನ್ನಾಗಿ ಮಾಡುವರೇನೋ ಎಂದು ಪ್ರವಾದಿ(ಸ) ಭಾವಿಸಿದ್ದರು. ತನ್ನ ಉಪಟಳದಿಂದ ನೆರೆಯವನು ಸುರಕ್ಷಿತನಾಗಿಲ್ಲದವನು ವಿಶ್ವಾಸಿಯೇ ಅಲ್ಲವೆಂದು ಅವರು ಅಲ್ಲಾಹನ ಮೇಲೆ ಆಣೆಯಿಟ್ಟು ಮೂರು ಬಾರಿ ಸಾರಿದರೆಂದು ಸಹೀಹ್ ಬುಖಾರಿಯಲ್ಲಿದೆ. ನಮಾಝ್, ಉಪವಾಸ, ದಾನಗಳಲ್ಲಿ ಮುಂದಿದ್ದರೂ ನಾಲಿಗೆಯಿಂದ ನೆರೆಯವರನ್ನು ನೋಯಿಸುತ್ತಿದ್ದ ಸ್ತ್ರೀಯ ವಿಷಯ ಪ್ರಸ್ತಾಪವಾದಾಗ ಆಕೆ ನರಕಕ್ಕೆ ಎಂದರು. ನಾಲಿಗೆಯ ಮಾತು ಒಂದು ಮನೆಗೆ ಕೇಳುತ್ತದೆ. ಸೈಲೆನ್ಸರ್ ಇಲ್ಲದ ಬೈಕು ಇಡೀ ಬೀದಿಯನ್ನು ಎಬ್ಬಿಸುತ್ತದೆ.

ನಡಿಗೆ ಮತ್ತು ಧ್ವನಿ ಎರಡರ ಬಗ್ಗೆಯೂ ಕುರ್‌ಆನ್ ಮಾತನಾಡಿದೆ. ಲುಕ್ಮಾನ್(ಅ) ತಮ್ಮ ಮಗನಿಗೆ ನೀಡಿದ ಉಪದೇಶವನ್ನು ನೆನಪಿಸಿಕೊಳ್ಳಿ. ಭೂಮಿಯ ಮೇಲೆ ಅಹಂಕಾರದಿಂದ ನಡೆಯಬೇಡ, ನಡಿಗೆಯಲ್ಲಿ ಮಿತವಿರಲಿ, ಧ್ವನಿಯನ್ನು ತಗ್ಗಿಸು ಎಂಬುದು ಅದರ ಸಾರ. ಅಲ್ಲಿ ಕರ್ಕಶ ಧ್ವನಿಗೆ ಕೊಟ್ಟ ಉಪಮೆ ಕತ್ತೆಯದು. ಇದು ಒಬ್ಬ ತಂದೆ ತನ್ನ ಮಗನಿಗೆ ಹೇಳಿದ ಮಾತು ಎಂಬುದನ್ನು ಇಂದಿನ ತಂದೆಯರು ವಿಶೇಷವಾಗಿ ಗಮನಿಸಬೇಕು. ಆ ಕಾಲದಲ್ಲಿ ನಡಿಗೆ ಬೇರೆ, ಧ್ವನಿ ಬೇರೆ ಇತ್ತು. ಇಂದು ಎರಡೂ ಒಂದೇ ಯಂತ್ರದಲ್ಲಿ ಕೂಡಿವೆ. ಬಲಗೈಯ ಒಂದು ತಿರುವಿನಲ್ಲಿ ಅಹಂಕಾರದ ನಡಿಗೆಯೂ ಕರ್ಕಶ ಧ್ವನಿಯೂ ಏಕಕಾಲದಲ್ಲಿ ಹೊರಡುತ್ತವೆ.

ಮದ್ರಸದಲ್ಲಿ ಕಲಿತವರಿಗೆ ಇನ್ನೊಂದು ಸೂತ್ರ ನೆನಪಿರಬಹುದು: ಲಾ ದರರ ವಲಾ ದಿರಾರ. ಹಾನಿ ಮಾಡಲೂಬಾರದು, ಹಾನಿಗೆ ಪ್ರತಿಯಾಗಿ ಹಾನಿಯನ್ನೂ ಮಾಡಬಾರದು ಎಂದು ಧರ್ಮಶಾಸ್ತ್ರಜ್ಞರು ಇದನ್ನು ವಿವರಿಸಿದ್ದಾರೆ. ಇದನ್ನು ಆಧರಿಸಿ ಹತ್ತೊಂಬತ್ತನೆಯ ಶತಮಾನದ ಉಸ್ಮಾನಿ ಸಾಮ್ರಾಜ್ಯದ ಕಾನೂನು ಸಂಹಿತೆ ಮಜಲ್ಲಾ ನೆರೆಹೊರೆಯ ವ್ಯಾಜ್ಯಗಳ ತೀರ್ಮಾನವನ್ನು ಬರೆದಿಟ್ಟಿತು. ಮನೆಯ ಪಕ್ಕದಲ್ಲಿ ಕಮ್ಮಾರಸಾಲೆಯನ್ನೋ ಗಿರಣಿಯನ್ನೋ ಹಾಕಿ, ಸುತ್ತಿಗೆಯ ಪೆಟ್ಟಿನಿಂದ ಪಕ್ಕದ ಗೋಡೆ ದುರ್ಬಲವಾದರೆ, ಒಲೆಯ ಹೊಗೆಯಿಂದ ಪಕ್ಕದವರು ಮನೆಯಲ್ಲಿ ವಾಸಿಸಲಾಗದೆ ಹೋದರೆ, ಆ ಹಾನಿಯನ್ನು ನಿವಾರಿಸಲೇಬೇಕು. ತನ್ನ ಜಾಗದಲ್ಲಿ ತಾನು ಏನು ಬೇಕಾದರೂ ಮಾಡುತ್ತೇನೆ ಎಂಬ ವಾದವನ್ನು ಅದು ಒಪ್ಪಲಿಲ್ಲ. ಕಮ್ಮಾರನು ಹೊಟ್ಟೆಪಾಡಿಗಾಗಿ ಸುತ್ತಿಗೆ ಹಿಡಿದವನು. ಅವನಿಗೇ ಇಲ್ಲದ ರಿಯಾಯಿತಿ ಶೋಕಿಗಾಗಿ ಆಕ್ಸಿಲರೇಟರ್ ತಿರುಚುವವನಿಗೆ ಎಲ್ಲಿಂದ ಬರಬೇಕು?

ಇನ್ನು ನಮ್ಮನ್ನು ನಡುಗಿಸಬೇಕಾದ ಮಾತು ಬೇರೆಯೇ ಇದೆ. ಅಲ್ಲಾಹನ ಹಕ್ಕಿನಲ್ಲಿ ಲೋಪವಾದರೆ ಪಶ್ಚಾತ್ತಾಪಪಟ್ಟವನಿಗೆ ಅವನ ಕ್ಷಮೆಯ ಬಾಗಿಲು ತೆರೆದಿದೆ. ಮನುಷ್ಯನ ಹಕ್ಕಿನಲ್ಲಿ ಲೋಪವಾದರೆ ಆ ಮನುಷ್ಯನೂ ಕ್ಷಮಿಸಬೇಕು. ಪರಲೋಕದ ದಿವಾಳಿಕೋರನು ಯಾರೆಂದು ಪ್ರವಾದಿ(ಸ) ವಿವರಿಸಿದ್ದು ಸಹೀಹ್ ಮುಸ್ಲಿಮಿನಲ್ಲಿದೆ. ಅವನು ನಮಾಝ್, ಉಪವಾಸ, ಝಕಾತ್ ಎಲ್ಲವನ್ನೂ ಹೊತ್ತು ಬರುತ್ತಾನೆ. ಆದರೆ ಅವನಿಂದ ಅನ್ಯಾಯಕ್ಕೊಳಗಾದವರು ಒಬ್ಬೊಬ್ಬರಾಗಿ ಬಂದು ಅವನ ಸತ್ಕರ್ಮಗಳನ್ನು ಎಣಿಸಿಕೊಂಡು ಹೋಗುತ್ತಾರೆ. ಅದು ಮುಗಿದಾಗ ಅವರ ಪಾಪಗಳು ಅವನ ಲೆಕ್ಕಕ್ಕೆ ಬರುತ್ತವೆ. ನಮ್ಮ ಓಣಿಯ ಹೃದ್ರೋಗಿ, ಬಾಣಂತಿ, ನಾಳೆ ಪರೀಕ್ಷೆ ಬರೆಯಬೇಕಾದ ವಿದ್ಯಾರ್ಥಿನಿ, ನಸುಕಿಗೆ ಮೀನಿನ ಬುಟ್ಟಿ ಹೊತ್ತು ಹೊರಡಬೇಕಾದವಳು, ಇವರೆಲ್ಲರೂ ಆ ಸಾಲಿನಲ್ಲಿ ನಿಂತರೆ ನಮ್ಮ ತರಾವೀಹ್‌ಗಳಲ್ಲಿ ಎಷ್ಟು ಉಳಿದೀತು? ಅವರಲ್ಲಿ ಎಷ್ಟು ಮಂದಿ ಎಚ್ಚರಗೊಂಡರೆಂಬುದೇ ಸವಾರನಿಗೆ ತಿಳಿದಿಲ್ಲ. ತಿಳಿಯದವರ ಬಳಿ ಅವನು ಕ್ಷಮೆ ಕೇಳುವುದಾದರೂ ಹೇಗೆ?

ಡಿಜೆಯ ವಾದಕ್ಕೆ ಉತ್ತರ

ಕಮಿಟಿಯ ಆ ಸಹೋದರರ ಪ್ರಶ್ನೆಗೆ ಬರೋಣ. ಅವರ ಡಿಜೆಗೆ ಯಾರು ಕೇಳುತ್ತಾರೆ? ಪ್ರಶ್ನೆಯಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಮೆರವಣಿಗೆಗಳ ಡಿಜೆ, ಚುನಾವಣೆ ಗೆದ್ದವರ ಬೈಕ್ ರ‍್ಯಾಲಿ, ಮಸೀದಿಯ ಮುಂದೆ ಬೇಕೆಂದೇ ನಿಂತು ಎಂಜಿನ್ ಅಬ್ಬರಿಸುವ ಹುಡುಗರ ಗುಂಪು, ಇವೆಲ್ಲವನ್ನೂ ನಾವು ಕಂಡಿದ್ದೇವೆ. ಸೈಲೆನ್ಸರ್ ಕೀಳುವ ರೋಗ ಯಾವ ಒಂದು ಸಮುದಾಯದ್ದೂ ಅಲ್ಲ. ಕೆಲವು ಕಡೆ ಕಾನೂನಿನ ಕೈ ಒಬ್ಬರ ಮೇಲೆ ಬೇಗ ಬೀಳುತ್ತದೆ, ಇನ್ನೊಬ್ಬರ ಮೇಲೆ ಬೀಳುವುದೇ ಇಲ್ಲ. ಈ ತಾರತಮ್ಯವನ್ನು ಪ್ರಶ್ನಿಸಬೇಕು, ನಾವು ಪ್ರಶ್ನಿಸುತ್ತಲೂ ಇದ್ದೇವೆ.

ಆದರೆ ಆ ಹಿರಿಯರು ಡಿಜೆ ಹಾಕಿದವರಲ್ಲ. ಯಾರೋ ಮಾಡಿದ ಗದ್ದಲಕ್ಕೆ ಇನ್ನಾರದೋ ನಿದ್ರೆಯನ್ನು ದಂಡವಾಗಿ ವಸೂಲು ಮಾಡುವುದು ಯಾವ ಧರ್ಮದ ನ್ಯಾಯ? ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ವಿಮುಖಗೊಳಿಸದಿರಲಿ ಎಂಬ ಆದೇಶ ಅಲ್‌ಮಾಇದಾ ಅಧ್ಯಾಯದಲ್ಲಿದೆ. ಒಬ್ಬನ ತಪ್ಪಿಗಾಗಿ ಅವನ ಧರ್ಮದವರನ್ನೆಲ್ಲ ಹೊಣೆ ಮಾಡುವ ತರ್ಕದಿಂದ ಈ ದೇಶದಲ್ಲಿ ಅತಿ ಹೆಚ್ಚು ನೊಂದವರು ನಾವು. ಅದೇ ತರ್ಕವನ್ನು ನಮ್ಮ ಮಸೀದಿಯ ಕಚೇರಿಯಲ್ಲಿ ಕುಳಿತು ನಾವೇ ಆಡಿದರೆ ಇನ್ನು ಯಾರ ಮುಂದೆ ನ್ಯಾಯ ಬೇಡುವುದು?

2022ನ್ನು ನೆನಪಿಸಿಕೊಳ್ಳಿ. ಅಝಾನಿನ ಧ್ವನಿವರ್ಧಕದ ಕುರಿತು ರಾಜ್ಯದಲ್ಲಿ ವಿವಾದ ಎಬ್ಬಿಸಲಾಯಿತು. ಆಗ ನಾವು ಏನೆಂದೆವು? ಅಝಾನ್ ಎರಡು ಮೂರು ನಿಮಿಷಗಳದ್ದು, ನಮ್ಮ ನೆರೆಯವರಿಗೆ ಅದರಿಂದ ತೊಂದರೆಯಿಲ್ಲ, ಅವರೇ ಸಾಕ್ಷಿ ಎಂದೆವು. ಹಲವು ಮಸೀದಿಗಳು ಶಬ್ದವನ್ನು ಮಿತಿಯಲ್ಲಿಡುವ ಉಪಕರಣಗಳನ್ನು ಅಳವಡಿಸಿದವು. ಅಂದು ನಾವು ಕರೆಯಬಹುದಾಗಿದ್ದ ಆ ಸಾಕ್ಷಿ ಯಾರು? ಬೆಳಗಿನ ಬಾಂಗಿಗೆ ಏಳುತ್ತೇನೆಂದು ಹೇಳಿದ ಇದೇ ಹಿರಿಯರು. ಅಂತಹ ಸಾಕ್ಷಿಯನ್ನು ಹದಿನೆಂಟರ ಹುಡುಗನ ಶೋಕಿಗಾಗಿ ನಾವು ಕಳೆದುಕೊಳ್ಳುತ್ತಿದ್ದೇವೆ. ಅಝಾನನ್ನು ಸಹಿಸಲಾಗದವರು ಹತ್ತು ವರ್ಷ ಪ್ರಚಾರ ಮಾಡಿದರೂ ಮಾಡಲಾಗದ ಹಾನಿಯನ್ನು ಸೈಲೆನ್ಸರ್ ಇಲ್ಲದ ಒಂದು ಬೈಕು ಒಂದು ತಿಂಗಳಲ್ಲಿ ಮಾಡಬಲ್ಲುದು. 2005ರ ಜುಲೈ ತಿಂಗಳಲ್ಲಿ ಸುಪ್ರೀಮ್ ಕೋರ್ಟು ಶಬ್ದಮಾಲಿನ್ಯದ ಕುರಿತು ನೀಡಿದ ತೀರ್ಪಿನಲ್ಲಿ ನೆಮ್ಮದಿಯಿಂದ ಬದುಕುವುದು ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗವೆಂದೂ, ಇಷ್ಟವಿಲ್ಲದವನಿಗೆ ಬಲವಂತವಾಗಿ ಶಬ್ದ ಕೇಳಿಸುವ ಹಕ್ಕು ಯಾರಿಗೂ ಇಲ್ಲವೆಂದೂ ಹೇಳಿತು. ನಮ್ಮ ಮಸೀದಿಯ ಮುಂದಿನ ಡಿಜೆಯ ವಿರುದ್ಧ ನಾವು ಈ ತೀರ್ಪನ್ನು ಎತ್ತಿ ತೋರಿಸಬೇಕಾದರೆ ಮೊದಲು ನಮ್ಮ ಕೈ ಶುದ್ಧವಿರಬೇಕು.

ಇಲ್ಲಿಯೇ ಇನ್ನೊಂದು ನೋವಿನ ಮಾತನ್ನೂ ಹೇಳಿಬಿಡಬೇಕು. ಶಬೇಬರಾತಿನ ರಾತ್ರಿ ಬೆಂಗಳೂರಿನಲ್ಲಿ ಸಂಚಾರ ಪೊಲೀಸರು ಮೇಲ್ಸೇತುವೆಗಳನ್ನು ಮುಚ್ಚುವ ಸ್ಥಿತಿ ಬಂದಿದೆ. ಹಿರಿಯರು ಮಸೀದಿಯಲ್ಲಿ ಕಣ್ಣೀರು ಹಾಕಿ ಕ್ಷಮೆ ಬೇಡುತ್ತಿರುವಾಗ, ಅವರ ಮಕ್ಕಳು ಬೀದಿಯಲ್ಲಿ ವೀಲಿಂಗ್ ಮಾಡಿ ಊರಿನ ಶಾಪ ಪಡೆಯುತ್ತಿರುತ್ತಾರೆ. ರಮಝಾನಿನಲ್ಲಿ ತರಾವೀಹ್ ಮುಗಿದ ಮೇಲೆ, ಈದಿನ ಹಿಂದಿನ ರಾತ್ರಿ, ಮೀಲಾದ್ ಮೆರವಣಿಗೆಯ ಹಿಂದೆ, ಮದುವೆಯ ದಿಬ್ಬಣದ ಮುಂದೆ, ಎಲ್ಲ ಕಡೆಯೂ ಇದೇ ಅಬ್ಬರ. ಹಜ್ಜ್‌ನ ಸಂದರ್ಭದಲ್ಲಿ ಅರಫಾದಿಂದ ಮರಳುವಾಗ ಪ್ರವಾದಿ(ಸ)ಗೆ ಹಿಂದಿನಿಂದ ದೊಡ್ಡ ಗದ್ದಲ ಕೇಳಿಸಿತು. ಜನರು ಒಂಟೆಗಳನ್ನು ಹೊಡೆದು, ಗದರಿಸಿ, ಓಡಿಸುತ್ತಿದ್ದರು. ಅವರು ತಮ್ಮ ಚಾಟಿಯಿಂದ ಸನ್ನೆ ಮಾಡಿ, ಶಾಂತರಾಗಿರಿ, ಪುಣ್ಯವು ವೇಗವಾಗಿ ಓಡಿಸುವುದರಲ್ಲಿಲ್ಲ ಎಂದು ತಿಳಿಸಿದರೆಂದು ಬುಖಾರಿಯಲ್ಲಿ ವರದಿಯಾಗಿದೆ. ಹಜ್ಜ್‌ನಂತಹ ಮಹಾ ಆರಾಧನೆಯ ದಾರಿಯಲ್ಲಿಯೇ ಸವಾರಿಯ ಅಬ್ಬರವನ್ನು ಒಪ್ಪದ ಪ್ರವಾದಿಯ ಜನ್ಮದಿನದ ಹೆಸರಿನಲ್ಲಿ ನಾವು ಸೈಲೆನ್ಸರ್ ಕಿತ್ತ ಬೈಕುಗಳನ್ನು ಓಡಿಸುತ್ತಿದ್ದೇವೆ. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇರೇನಿದೆ?

ಹೊಣೆ ಯಾರದು?

ಹುಡುಗನದು ಎಂಬ ಉತ್ತರ ಸುಲಭ. ಆದರೆ ಆ ಬೈಕಿನ ಹಿಂದೆ ಒಂದು ಸಾಲೇ ಇದೆ.

ಮೊದಲಿಗೆ ತಂದೆ. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಅವನು ಕೊಲ್ಲಿ ನಾಡಿನಲ್ಲಿದ್ದಾನೆ. ವರ್ಷಗಟ್ಟಲೆ ದೂರವಿರುವ ತನ್ನ ಕೊರತೆಯನ್ನು ತುಂಬಲು ಮಗನಿಗೆ ಬೈಕು ಕೊಡಿಸುತ್ತಾನೆ. ಅವನ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಯುಎಇಯಲ್ಲಿ 2017ರಲ್ಲಿ ಜಾರಿಗೆ ಬಂದ ಸಂಚಾರ ನಿಯಮಗಳು ಗದ್ದಲದ ವಾಹನಕ್ಕೆ 2,000 ದಿರ್ಹಮ್ ದಂಡವನ್ನೂ ಲೈಸನ್ಸಿಗೆ 12 ಕಪ್ಪು ಅಂಕಗಳನ್ನೂ ವಿಧಿಸಿದ್ದು ಅವನಿಗೆ ತಿಳಿಯದ ವಿಷಯವಲ್ಲ. ಅಲ್ಲಿನ ಅಪರಿಚಿತ ನೆರೆಯವನ ನೆಮ್ಮದಿಯನ್ನು ಕಾಯುವವನು ತನ್ನ ಹುಟ್ಟೂರಿನ ನೆರೆಯವನನ್ನು ಮರೆಯಬಾರದು. ಫೋನಿನಲ್ಲಿ ಪರೀಕ್ಷೆಯ ಅಂಕ ಕೇಳುವ ತಂದೆ ಬೈಕಿನ ಶಬ್ದವನ್ನೂ ಒಮ್ಮೆ ಕೇಳಿಸಿಕೊಳ್ಳಲಿ. ತಾಯಂದಿರಿಗೂ ಒಂದು ಮಾತು. ಮಗನ ಬೈಕು ಓಣಿಯ ತಿರುವಿನಲ್ಲಿ ಬರುವಾಗಲೇ ಗುರುತು ಸಿಗುತ್ತದೆಂದು ಹೆಮ್ಮೆಯಿಂದ ಬಾಗಿಲು ತೆರೆಯುವ ತಾಯಿ, ಅದೇ ಶಬ್ದಕ್ಕೆ ಎದ್ದು ಕುಳಿತ ಪಕ್ಕದ ಮನೆಯ ತಾಯಿಯನ್ನು ನೆನೆಯಬೇಕು.

ಎರಡನೆಯವನು ಮೆಕ್ಯಾನಿಕ್. ನಮ್ಮ ಪಟ್ಟಣಗಳ ಗ್ಯಾರೇಜುಗಳಲ್ಲಿ ನಮ್ಮ ಯುವಕರೇ ಬಹಳ ಮಂದಿ ಇದ್ದಾರೆ. ಬೆವರು ಸುರಿಸಿ ದುಡಿಯುವ ಅವರ ಬಗ್ಗೆ ನಮಗೆ ಗೌರವವಿದೆ. ಆದುದರಿಂದಲೇ ಕೇಳುತ್ತೇವೆ: ಸೈಲೆನ್ಸರಿನ ಒಳಗನ್ನು ಕತ್ತರಿಸಿ ಪಡೆದ ಆ ಕೂಲಿ ಯಾವ ಬಗೆಯ ಸಂಪಾದನೆ? ಇದರಿಂದ ಊರಿಗೆ ತೊಂದರೆಯಾಗುವುದು ಖಚಿತವೆಂದು ತಿಳಿದೇ ಮಾಡಿಕೊಡುವ ಕೆಲಸವದು. ಪಾಪದ ಕಾರ್ಯದಲ್ಲಿ ಪರಸ್ಪರ ಸಹಕರಿಸಬಾರದೆಂಬ ಆಜ್ಞೆ ಅವರಿಗೂ ಅನ್ವಯಿಸುತ್ತದೆ. ಅಂತಹ ಗಿರಾಕಿಯನ್ನು ಹಿಂದಕ್ಕೆ ಕಳುಹಿಸಿದ ಮೆಕ್ಯಾನಿಕ್‌ನ ಅನ್ನದಲ್ಲಿ ಅಲ್ಲಾಹನು ಬರಕತ್ ನೀಡದೆ ಇರಲಾರನು.

ಮೂರನೆಯದು ಜಮಾಅತ್ ಕಮಿಟಿ. ನಿಕಾಹ್‌ಗೆ ಅನುಮತಿ ಪತ್ರ ಕೊಡುವಾಗ ವಂತಿಗೆಯ ಬಾಕಿಯನ್ನು ತಪ್ಪದೆ ನೋಡುವ ಕಮಿಟಿಗಳಿಗೆ ಮೊಹಲ್ಲಾದ ಹುಡುಗರಲ್ಲಿ ಯಾರ ಬೈಕು ಓಣಿಯನ್ನು ಎಬ್ಬಿಸುತ್ತಿದೆಯೆಂದು ತಿಳಿಯದೆ? ತಿಳಿದಿದೆ. ಹೇಳಲು ಧೈರ್ಯವಿಲ್ಲ, ಏಕೆಂದರೆ ಆ ಹುಡುಗ ಯಾರೋ ಗಣ್ಯರ ಮಗ. ಖತೀಬರಲ್ಲಿಯೂ ವಿನಂತಿಯಿದೆ. ವರ್ಷದ ಐವತ್ತೆರಡು ಜುಮಾಗಳಲ್ಲಿ ಒಂದನ್ನು ನೆರೆಯವನ ಹಕ್ಕಿಗೆ ಮೀಸಲಿಡಿ, ಅದರಲ್ಲಿ ಸೈಲೆನ್ಸರ್ ಎಂಬ ಪದವನ್ನೇ ಬಳಸಿ ಹೇಳಿ. ಗಡಿಯಾರ ನೋಡುತ್ತಾ ಕುಳಿತ ಹುಡುಗರು ಆ ಪದ ಕೇಳಿದಾಗ ತಲೆಯೆತ್ತುತ್ತಾರೆ.

ಮಾಡಬೇಕಾದುದು ಕಷ್ಟದ್ದಲ್ಲ

ಈ ಪಾಪದಿಂದ ಮುಕ್ತಿ ಬಹಳ ಅಗ್ಗ. ಕಳಚಿಟ್ಟ ಕಂಪನಿಯ ಸೈಲೆನ್ಸರ್ ಸಾಮಾನ್ಯವಾಗಿ ಮನೆಯ ಅಟ್ಟದಲ್ಲಿಯೋ ಗ್ಯಾರೇಜಿನ ಮೂಲೆಯಲ್ಲಿಯೋ ಬಿದ್ದಿರುತ್ತದೆ. ಅದನ್ನು ಮರಳಿ ಜೋಡಿಸಲು ಅರ್ಧ ಗಂಟೆ ಸಾಕು. ಒಳಭಾಗ ಕತ್ತರಿಸಿದ್ದರೆ ಹೊಸದನ್ನೇ ಹಾಕಿಸಬೇಕು. 

ಏನನ್ನೂ ಕೀಳದ ಬೈಕುಗಳೂ ಕೆಲವೊಮ್ಮೆ ಗದ್ದಲ ಮಾಡುತ್ತವೆ. ಎಂಜಿನ್ನಿಗೆ ಹೊಗೆಕೊಳವೆ ಸೇರುವಲ್ಲಿನ ಗ್ಯಾಸ್ಕೆಟ್ ಸುಟ್ಟುಹೋಗಿರಬಹುದು, ಬೋಲ್ಟು ಸಡಿಲಾಗಿರಬಹುದು, ಕರಾವಳಿಯ ಉಪ್ಪುಗಾಳಿಗೂ ಮಳೆಗೂ ಸೈಲೆನ್ಸರಿನ ತಳ ತುಕ್ಕು ಹಿಡಿದು ತೂತಾಗಿರಬಹುದು. ಸರ್ವಿಸಿಗೆ ಬಿಟ್ಟಾಗ ಇದನ್ನೂ ನೋಡಿಸಿ. ಮೀನು ಮಾರಲು, ಪೇಪರ್ ಹಾಕಲು ನಸುಕಿನಲ್ಲಿ ಹಳೆಯ ಬೈಕು ತೆಗೆಯುವ ಬಡವರು ನಮ್ಮಲ್ಲಿದ್ದಾರೆ. ಅವರಿಗೆ ಈ ದುರಸ್ತಿಯ ಖರ್ಚು ಹೊರೆಯಾದರೆ ಮೊಹಲ್ಲಾ ಅದನ್ನು ಭರಿಸಲಿ. ದಾರಿಯಿಂದ ಉಪದ್ರವವನ್ನು ತೆಗೆಯುವುದು ವಿಶ್ವಾಸದ ಒಂದು ಶಾಖೆಯೆಂದಾದರೆ ಇದೂ ಅದರಲ್ಲಿ ಸೇರುತ್ತದೆ.

ಇನ್ನು ಓಡಿಸುವ ರೀತಿ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಐದು ನಿಮಿಷ ಆಕ್ಸಿಲರೇಟರ್ ತಿರುಚುವುದು ಕಾರ್ಬ್ಯುರೇಟರ್ ಕಾಲದ ಅಭ್ಯಾಸ. 2020ರ ನಂತರದ ಬಿಎಸ್-6 ಬೈಕುಗಳಿಗೆ ಅದರ ಅಗತ್ಯವಿಲ್ಲ. ಓಣಿಯೊಳಗೆ ಮೇಲಿನ ಗೇರಿನಲ್ಲಿ ನಿಧಾನವಾಗಿ ಬನ್ನಿ. ಗೆಳೆಯನನ್ನು ಕರೆಯಲು ಹಾರ್ನ್ ಒತ್ತಬೇಡಿ, ಇಳಿದು ಬಾಗಿಲು ತಟ್ಟಿ ಸಲಾಮ್ ಹೇಳಿ. ರಾತ್ರಿ ಹತ್ತರ ಬಳಿಕ ಓಣಿಯ ತುದಿಯಲ್ಲಿ ಎಂಜಿನ್ ಆರಿಸಿ ತಳ್ಳಿಕೊಂಡು ಬನ್ನಿ. ಐವತ್ತು ಹೆಜ್ಜೆ ಬೈಕು ತಳ್ಳಿದವನ ಗೌರವ ಕಡಿಮೆಯಾಗುವುದಿಲ್ಲ. ಪರಮ ದಯಾಮಯನ ದಾಸರು ಭೂಮಿಯ ಮೇಲೆ ವಿನಮ್ರರಾಗಿ ನಡೆಯುವವರೆಂದು ಅಲ್‌ಫುರ್ಕಾನ್ ಅಧ್ಯಾಯ ಹೇಳುವಾಗ, ಮಲಗಿರುವ ಓಣಿಯಲ್ಲಿ ಬೈಕು ತಳ್ಳುತ್ತಾ ಬರುವ ಯುವಕನೇ ನಮ್ಮ ಕಣ್ಣ ಮುಂದೆ ಬರುತ್ತಾನೆ.

ಪ್ರವಾದಿ(ಸ)ರ ಬಳಿಗೆ ಒಬ್ಬರು ತಮ್ಮ ನೆರೆಯವನ ಉಪಟಳದ ಬಗ್ಗೆ ಮತ್ತೆ ಮತ್ತೆ ದೂರು ತಂದರು. ತಾಳ್ಮೆಯಿಂದಿರಲು ಹೇಳಿದ ಪ್ರವಾದಿ(ಸ) ಕೊನೆಗೆ, ಮನೆಯ ಸಾಮಾನುಗಳನ್ನು ದಾರಿಯಲ್ಲಿ ತಂದಿಡಲು ಸೂಚಿಸಿದರು. ಬಂದವರೆಲ್ಲ ಕಾರಣ ಕೇಳಿದರು, ಕೇಳಿದವರೆಲ್ಲ ಆ ನೆರೆಯವನನ್ನು ಶಪಿಸಿದರು. ಆಗ ಅವನೇ ಬಂದು, ಮರಳಿ ಮನೆಗೆ ನಡೆಯಿರಿ, ಇನ್ನು ಮುಂದೆ ನನ್ನಿಂದ ನಿಮಗೆ ಅಹಿತವಾಗದು ಎಂದು ಬೇಡಿಕೊಂಡ. ಅಬೂದಾವೂದ್ ಗ್ರಂಥದಲ್ಲಿ ಈ ಘಟನೆಯಿದೆ.

ನಾವು ಆರಂಭದಲ್ಲಿ ಹೇಳಿದ ಆ ಹಿರಿಯರ ಸಾಮಾನುಗಳೂ ಕೆಲವು ತಿಂಗಳ ನಂತರ ದಾರಿಗೆ ಬಂದವು, ಟೆಂಪೋಗೆ ಹೇರಲು. ಕಪಾಟು, ಮಂಚ, ಹೊಲಿಗೆ ಯಂತ್ರ, ತುಳಸಿಯ ಕುಂಡ. ನಲ್ವತ್ತು ವರ್ಷದ ಮನೆಯನ್ನು ಬಿಟ್ಟು ಅವರು ಮಗಳಿರುವ ಬಡಾವಣೆಗೆ ಹೋದರು. ಅವರು ಯಾರನ್ನೂ ದೂರಲಿಲ್ಲ. ಅವರು ಹೋದ ಮೇಲೆ ಓಣಿಯ ಜನ ಆಡಿಕೊಂಡದ್ದೇನು ಗೊತ್ತೇ? "ಇತ್ತೀಚೆಗೆ ಅವರಿಗೆಲ್ಲ ನಮ್ಮ ಜೊತೆ ಇರಲು ಇಷ್ಟವಿಲ್ಲ."

ಅಂದು ಮದೀನಾದ ಆ ನೆರೆಯವನು ನಾಚಿ ಓಡಿಬಂದು ಕರೆದಿದ್ದ. ನಮ್ಮ ಓಣಿಯಿಂದ ಯಾರೂ ಓಡಿ ಹೋಗಲಿಲ್ಲ. ಆ ಹಿರಿಯರು ಇರುವುದು ಅದೇ ಪಟ್ಟಣದಲ್ಲಿ, ಅರ್ಧ ಗಂಟೆಯ ದಾರಿ. ಕಮಿಟಿಯ ಹಿರಿಯರೂ ಆ ಹುಡುಗನೂ ಅವನ ತಂದೆಯೂ ಒಂದು ಸಂಜೆ ಅಲ್ಲಿಗೆ ಹೋಗಿ ಕ್ಷಮೆ ಕೇಳಬೇಕು. ಮರಳಿ ಬರುವುದು ಬಿಡುವುದು ಅವರ ಇಷ್ಟ. ಆದರೆ ಆ ಲೆಕ್ಕವನ್ನು ಇಲ್ಲಿಯೇ ಚುಕ್ತಾ ಮಾಡಿಕೊಳ್ಳುವುದು ಲೇಸು. ಈ ಬರಹವನ್ನು ಓದುವ ಪ್ರತಿ ಮನೆಯವರೂ ಇಂದು ರಾತ್ರಿ ಮಗನ ಬೈಕನ್ನು ಒಮ್ಮೆ ಸ್ಟಾರ್ಟ್ ಮಾಡಿಸಿ, ಪಕ್ಕದ ಮನೆಯ ಕಿಟಕಿಯ ಬಳಿ ನಿಂತು ಕೇಳಲಿ. ಆ ಕಿಟಕಿಯ ಒಳಗೆ ಮಲಗಿರುವವರಿಗೆ ನಾವು ಉತ್ತರ ಕೊಡಬೇಕಾದವರು.